ಫೇರ್‌ಬ್ಯಾಂಕ್ಸ್ ಆಚೆ, ನಲ್ಲಿ ಇಲ್ಲದ ಕ್ಯಾಬಿನ್‌ನಲ್ಲಿ

ಅಲಾಸ್ಕಾಗೆ ಹೋಗಿದ್ವಿ ಅಂದ್ರೆ ಎಲ್ರೂ ಅರೋರಾ, ಅಂದ್ರೆ ರಾತ್ರಿ ಆಕಾಶದಲ್ಲಿ ಆಡೋ ಬಣ್ಣದ ಬೆಳಕು, ನೋಡಿದ್ರಾ ಅಂತಾನೇ ಕೇಳ್ತಾರೆ. ನೋಡಿದ್ವಿ, ತುಂಬಾ ಚೆನ್ನಾಗಿತ್ತು, ಆದ್ರೆ ನಂಗೆ ಹೇಳ್ಬೇಕು ಅನ್ಸೋದು ಅಲ್ಲಿನ ನೀರು ಮತ್ತೆ ಸೌದೆ ಬಗ್ಗೆ.

ನಮ್ಮ ಭಾವ ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಊರಿನ ಯೂನಿವರ್ಸಿಟೀಲಿ ಕೆಲ್ಸ ಮಾಡ್ತಾರೆ, ಅವರ ಪರಿಚಯದವರೊಬ್ರು ಊರಿಂದ ಉತ್ತರಕ್ಕೆ ಗುಡ್ಡದ ಮೇಲಿರೋ ತಮ್ಮ ಕ್ಯಾಬಿನ್ ಬಿಟ್ಕೊಟ್ಟಿದ್ರು. ಕರೆಂಟ್ ಲೈನ್ ಇಲ್ಲ, ನಲ್ಲಿ ಇಲ್ಲ, ರಸ್ತೆ ಮುಗಿದ್ಮೇಲೆ ಸಾಮಾನೆಲ್ಲ ಹಿಮದ ಮೇಲೆ ಜಾರೋ ಸ್ಲೆಡ್‌ಗೆ ಕಟ್ಟಿ ಎಳ್ಕೊಂಡು ಹೋಗೋದು. ದಾರೀಲಿ ಫಾಕ್ಸ್ ಅಂತ ಸಣ್ಣ ಊರು ಸಿಗತ್ತೆ, ಅಲ್ಲಿ ರಸ್ತೆ ಪಕ್ಕದಲ್ಲೇ ಒಂದು ನೀರಿನ ಊಟೆ ಇದೆ, ಚಳಿಗಾಲದಲ್ಲೂ ನಿಲ್ಲಲ್ಲ, ಜನ 5 ಗ್ಯಾಲನ್ ಕ್ಯಾನ್ ತಂದು ತುಂಬಿಸ್ಕೊಂಡು ಹೋಗ್ತಾರೆ. ಒಂದು ಕ್ಯಾನ್ ಅಂದ್ರೆ 19 ಲೀಟರ್ ಹತ್ರ. ಈ ಕಡೆ ಇಂಥ ನೀರಿಲ್ಲದ ಮನೆಗಳು ಬೇಕಾದಷ್ಟಿವೆ ಅಂತ ಭಾವ ಹೇಳಿದ್ರು. ಎಷ್ಟೋ ಕಡೆ ನೆಲದೊಳಗೆ ಪರ್ಮಾಫ್ರಾಸ್ಟ್, ಅಂದ್ರೆ ವರ್ಷಪೂರ್ತಿ ಕರಗದೆ ಹೆಪ್ಪುಗಟ್ಟಿರೋ ಮಣ್ಣು, ಬೋರ್ ಹಾಕ್ಸೋದು ಕಷ್ಟ, ಗುಡ್ಡದ ಮೇಲೆ ನೀರು ಸಿಕ್ಕಿದ್ರೂ ಕೆಲವು ಕಡೆ ಅದರಲ್ಲಿ ಆರ್ಸೆನಿಕ್ ಅನ್ನೋ ವಿಷ. ಸ್ನಾನಕ್ಕೆ ಊರಿಗೆ ಬಂದು ಶವರ್ ಕೂಡ ಇರೋ ಲಾಂಡ್ರಿ ಅಂಗಡೀಲಿ ದುಡ್ಡು ಕೊಟ್ಟು ಮಾಡ್ತಾರೆ.

ಸಿಂಕ್ ಇತ್ತು, ಅದರ ಕೆಳಗೆ ಪೈಪ್ ಬದಲು ಬಕೆಟ್. ಮುಖ ತೊಳೆದ ನೀರು, ಪಾತ್ರೆ ತೊಳೆದ ನೀರು ಎಲ್ಲ ಅದಕ್ಕೇ ಬೀಳತ್ತೆ, ತುಂಬೋಕೆ ಮುಂಚೆ ಹೊರಗೆ ಚೆಲ್ಲಬೇಕು, ಹಂಗಾಗಿ ಎಷ್ಟು ನೀರು ಖರ್ಚಾಯ್ತು ಅನ್ನೋದು ಕಣ್ಣೆದುರಿಗೇ ಇರತ್ತೆ. ಅಕ್ಕ ಅಕ್ಕಿ ತೊಳೆದ ನೀರನ್ನೇ ಪಾತ್ರೆಗೆ ಇಟ್ಕೊಳೋಕೆ ಶುರು ಮಾಡಿದ್ಲು. ಹಿಮ ಕರಗಿಸಿದ್ರಾಯ್ತಲ್ಲ ಅಂತ ನಾನು ಅಂದ್ಕೊಂಡಿದ್ದೆ, ಆದ್ರೆ ಅಲ್ಲಿನ ಹಿಮ ಒಣ ಪುಡಿ, ದೊಡ್ಡ ಪಾತ್ರೆ ತುಂಬ ಒತ್ತಿ ತುಂಬಿದ್ರೂ ಕರಗಿದ್ಮೇಲೆ ತಳದಲ್ಲಿ ಸ್ವಲ್ಪಾನೇ ನೀರು, ಅದಕ್ಕೂ ಮೊದ್ಲು ಒಂದು ಲೋಟ ನೀರು ಹಾಕಿರ್ಬೇಕು, ಇಲ್ಲಾಂದ್ರೆ ಪಾತ್ರೆ ಸೀದ ವಾಸನೆ ಬರತ್ತೆ.

ಜನವರಿ ಕೊನೆ, ಹಗಲು ಆರು ಗಂಟೆ ಚಿಲ್ರೆ ಅಷ್ಟೇ. ಡಿಸೆಂಬರ್ 21ಕ್ಕೆ ನಾಲ್ಕು ಗಂಟೇನೂ ಇರಲ್ಲ, ಸೋಲಾರ್ ಪ್ಯಾನಲ್ ಇದ್ರೂ ಆಗ ಜನರೇಟರೇ ಗತಿ. ವಿಚಿತ್ರ ಅಂದ್ರೆ ಗುಡ್ಡದ ಮೇಲೆ ಊರಿಗಿಂತ ಚಳಿ ಕಮ್ಮಿ, ತಣ್ಣನೆ ಗಾಳಿ ಭಾರ ಆಗಿ ಕಣಿವೇಲೇ ಕೂತಿರತ್ತೆ. ಕೆಳಗೆ ಮೈನಸ್ 40 ಮುಟ್ಟೋ ದಿನಗಳೂ ಇರ್ತವೆ, ಆಗ ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಅಂತ ಕೇಳೋ ಹಂಗಿಲ್ಲ, ಎರಡೂ ಒಂದೇ.

ಸೌದೆ ಒಡೆಯೋದು ನನ್ನ ಪಾಲಿಗೆ ಬಂತು, ನಿಜವಾಗ್ಲೂ ಖುಷಿಯಾಯ್ತು. ಬರ್ಚ್ ಮರದ ತುಂಡು ಆ ಚಳೀಲಿ ಎಷ್ಟು ಬಿರುಸಾಗಿರತ್ತೆ ಅಂದ್ರೆ ಕೊಡಲಿ ನೇರವಾಗಿ ಬಿದ್ರೆ ಟಪ್ ಅಂತ ಎರಡು ಹೋಳು. ಅದರ ತೊಗಟೆ ಕಾಗದದ ಥರ ಸುಲಿದು ಬರತ್ತೆ, ಎಣ್ಣೆ ಅಂಶ ಇರೋದ್ರಿಂದ ಒದ್ದೆ ಆಗಿದ್ರೂ ಹತ್ಕೊಳತ್ತೆ. ರಾತ್ರಿ ಎದ್ದು ಒಲೆಗೆ ಸೌದೆ ಹಾಕೋದನ್ನ ಸರದಿ ಮಾಡ್ಕೊಂಡಿದ್ವಿ. ಅಜ್ಜಿ ಮನೆ ಬಚ್ಚಲ ಹಂಡೆ ಒಲೆ ಥರಾನೇ, ಒಬ್ರು ಗಮನ ಇಟ್ಟಿರ್ಲೇಬೇಕು.

ಟಾಯ್ಲೆಟ್ ಹೊರಗಡೆ, ಅದರ ಸೀಟು ನೀಲಿ ಫೋಮ್ ಶೀಟ್ ಕತ್ತರಿಸಿ ಮಾಡಿದ್ದು, ಎಂಥ ಚಳೀಲೂ ಕೂತ್ರೆ ತಣ್ಣಗೆ ಅನ್ಸಲ್ಲ. ಇದನ್ನ ಯೋಚನೆ ಮಾಡಿದವರಿಗೆ ಒಂದು ನಮಸ್ಕಾರ.

ಹೊರಡೋ ಬೆಳಿಗ್ಗೆ ಭಾವ ಬೂದಿ ತೆಗೆದು ಒಲೆಯೊಳಗೆ ತೊಗಟೆ, ಸಣ್ಣ ಸೀಳು, ಅದರ ಮೇಲೆ ದಪ್ಪ ಸೌದೆ ಜೋಡಿಸಿಟ್ರು, ಪಕ್ಕದಲ್ಲೇ ಬೆಂಕಿಪೊಟ್ಟಣ. ಮುಂದೆ ಬರೋರು ಬೆರಳು ಮರಗಟ್ಟಿಸ್ಕೊಂಡು ಬಂದಿರ್ಬಹುದು, ಒಂದು ಕಡ್ಡಿ ಗೀರಿದ್ರೆ ಹತ್ಕೋಬೇಕು, ಅಲ್ಲಿ ಎಲ್ರೂ ಹಂಗೇ ಮಾಡಿ ಹೋಗ್ತಾರಂತೆ. ನಾನು ಇನ್ನೊಂದಷ್ಟು ಸೌದೆ ಒಡೆದು ಬಾಗಿಲ ಪಕ್ಕ ಪೇರಿಸಿಟ್ಟು ಬಂದೆ.