ಬಿದಿರುಕಡ್ಡಿಯ ಸೈಕ್ಲೋಹೆಕ್ಸೇನ್: ಮೂರನೆಯ ವಾರ

ಕೋಥ್ರೂಡಿನ ಸೈಕಲ್ ಅಂಗಡಿಯಿಂದ ತಂದ ವಾಲ್ವ್ ಟ್ಯೂಬು ಮತ್ತು ಬೆಂಕಿಕಡ್ಡಿಗಳಿಂದ ಅಣುವಿನ ಮಾದರಿ ಕಟ್ಟುವ ಮೊದಲ ಪ್ರಯತ್ನ ಕೈಗೂಡಲಿಲ್ಲ. ನಮ್ಮ ಪುಣೆಯ ಖಗೋಳ ಸಂಶೋಧನಾ ಕೇಂದ್ರವಾದ ಐಯುಕಾದಲ್ಲಿ ಮಕ್ಕಳಿಗಾಗಿ ದುಡಿದ ಅರವಿಂದ ಗುಪ್ತಾ ಅವರಿಂದ ಜನಪ್ರಿಯವಾದ ಈ ಉಪಾಯ ಬಲು ಅಗ್ಗದ್ದು. ಆದರೆ ರಬ್ಬರಿನ ಕೀಲು ಯಾವ ಕೋನಕ್ಕಾದರೂ ಬಾಗುವುದರಿಂದ ನನ್ನ ಸೈಕ್ಲೋಹೆಕ್ಸೇನ್, ಅಂದರೆ ಆರು ಕಾರ್ಬನ್‌ಗಳ ಉಂಗುರ, ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿತು. ಚಪ್ಪಟೆ ಷಡ್ಭುಜದ ಕೋನ 120 ಡಿಗ್ರಿ. ತನ್ನ ನಾಲ್ಕು ಬಂಧಗಳ ನಡುವೆ ಕಾರ್ಬನ್ ಬಯಸುವುದು 109.5.

ಈ ವಾರ ಘನಾಕಾರದ ರಟ್ಟಿನ ಡಬ್ಬಿಯೊಂದಕ್ಕೆ, ಯಾವ ಎರಡೂ ಒಂದೇ ಅಂಚಿನಲ್ಲಿ ಬಾರದಂತೆ, ನಾಲ್ಕು ಮೂಲೆಗಳಲ್ಲಿ ತೂತು ಕೊರೆದೆ. ನಟ್ಟನಡುವೆ ಜೇಡಿಯ ಉಂಡೆಯನ್ನಿಟ್ಟು ಆ ತೂತುಗಳಿಂದ ಬಿದಿರುಕಡ್ಡಿ ಚುಚ್ಚಿದರೆ 109.5 ಡಿಗ್ರಿ ತಾನಾಗಿಯೇ ಒದಗುತ್ತದೆ. ಟ್ಯೂಬಿನ ತುಂಡುಗಳು ಈಗ ಕಡ್ಡಿಗೆ ಕಡ್ಡಿಯನ್ನು ಜೋಡಿಸುವ, ತಿರುಗಲು ಬಿಡುವ ಬಂಧಗಳಷ್ಟೇ. ಆರು ಉಂಡೆಗಳನ್ನು ಜೋಡಿಸಿದಾಗ ಉಂಗುರ ಚಪ್ಪಟೆಯಾಗಲು ಒಪ್ಪದೆ, ಒಂದು ತುದಿ ಮೇಲಕ್ಕೂ ಇನ್ನೊಂದು ಕೆಳಕ್ಕೂ ಬಾಗಿ ಕುರ್ಚಿಯಾಯಿತು. ರಸಾಯನವಿಜ್ಞಾನಿ ಹರ್ಮನ್ ಸಾಕ್ಸೆ 1890ರಲ್ಲಿ ಹೇಳಿದ ಈ ಮಾತಿಗೆ ಆಗ ಮನ್ನಣೆ ಸಿಗಲಿಲ್ಲ. ಇದರ ಮೇಲೆ ನಿಂತ ಕೆಲಸಕ್ಕೆ ಹಾಸೆಲ್ ಮತ್ತು ಬಾರ್ಟನ್ ನೊಬೆಲ್ ಪಡೆದದ್ದು 1969ರಲ್ಲಿ.

ಆದರೆ ಒಂದು ತೊಡಕು ಉಳಿಯಿತು. ಕೆಳಗಿನ ತುದಿಯನ್ನೂ ಮೇಲಕ್ಕೆ ಮಡಿಸಿದರೆ ಅದೇ ಮಾದರಿ, ಯಾವ ಕೋನವೂ ಕೆಡದೆ, ದೋಣಿಯಾಗುತ್ತದೆ. ಹಾಗಾದರೆ ಅಣು ಕುರ್ಚಿಯನ್ನೇ ಏಕೆ ಆರಿಸಿಕೊಳ್ಳುತ್ತದೆ? ದೋಣಿಯಲ್ಲಿ ಅಕ್ಕಪಕ್ಕದ ಕಾರ್ಬನ್‌ಗಳ ಕೆಲವು ಬಂಧಗಳು ಒಂದರ ಹಿಂದೊಂದು ಮರೆಯಾಗಿ ನಿಲ್ಲುತ್ತವೆ. ಈಥೇನಿನಂಥ ಸಣ್ಣ ಅಣುವಿಗೂ ಆ ನಿಲುವನ್ನು ದಾಟಲು ಮೋಲ್‌ಗೆ ಸುಮಾರು 12 ಕಿಲೋಜೌಲ್ ಬೇಕು. ಎಲೆಕ್ಟ್ರಾನ್‌ಗಳ ವಿಕರ್ಷಣೆಯೂ, ಮರೆಯಾಗದ ನಿಲುವಿನಲ್ಲಿ ಬಂಧದಿಂದ ಎದುರಿನ ಖಾಲಿ ಕಕ್ಷಕಕ್ಕೆ (ಎಲೆಕ್ಟ್ರಾನ್ ಇರಬಹುದಾದ ಜಾಗಕ್ಕೆ) ಎಲೆಕ್ಟ್ರಾನ್ ಹೆಚ್ಚು ಹರಡಿಕೊಳ್ಳುವುದೂ ಇದಕ್ಕೆ ಕಾರಣಗಳು. ಯಾವುದರ ಪಾಲು ಹೆಚ್ಚೆಂಬುದು ತಜ್ಞರಲ್ಲೇ ವಾದದ ವಿಷಯ. ನನ್ನ ಟ್ಯೂಬಾದರೋ ಯಾವ ತಡೆಯೂ ಇಲ್ಲದೆ ಸುತ್ತುತ್ತದೆ, ಆದ್ದರಿಂದ ಈ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಗುಂಪುಗಳ ಇಕ್ಕಟ್ಟನ್ನು ಮಾತ್ರ ಮಾದರಿ ಚೆನ್ನಾಗಿ ತೋರಿಸುತ್ತದೆ. ಉಂಗುರಕ್ಕೆ ಸೇರಿಸಿದ ಮೀಥೈಲ್ ಗುಂಪನ್ನು (ಒಂದು ಕಾರ್ಬನ್, ಮೂರು ಹೈಡ್ರೋಜನ್) ನೆಟ್ಟಗೆ ಮೇಲ್ಮುಖವಾಗಿ ನಿಲ್ಲಿಸಿದಾಗ ಅದೇ ಬದಿಯ ಎರಡು ಹೈಡ್ರೋಜನ್ ಕಡ್ಡಿಗಳಿಗೆ ತಾಗಿತು. ಹೊರಕ್ಕೆ ಚಾಚಿದಾಗ ಬಿಡುವಾಯಿತು. ಕೋಣೆಯ ಉಷ್ಣತೆಯಲ್ಲಿ ಮೀಥೈಲ್‌ಸೈಕ್ಲೋಹೆಕ್ಸೇನಿನ ಸುಮಾರು 95 ಶೇಕಡ ಅಣುಗಳು ಹೊರಚಾಚಿದ ರೂಪದಲ್ಲೇ ಇರುತ್ತವೆ.

ನಿನ್ನೆ ಮೆಂಥಾಲ್ ಕಟ್ಟಿದೆ. ನೋವಿನ ಮುಲಾಮಿನ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡೇ ಕಟ್ಟಿದ್ದು ನನ್ನ ಚಪಲ. ಅದರ ಉಂಗುರಕ್ಕೆ ಅಂಟಿದ ಮೂರೂ ಗುಂಪುಗಳು (ಹೈಡ್ರಾಕ್ಸಿಲ್, ಮೀಥೈಲ್, ಐಸೊಪ್ರೊಪೈಲ್) ಒಮ್ಮೆಲೇ ಹೊರಚಾಚಿ ನಿಂತವು. ಹೈಡ್ರಾಕ್ಸಿಲ್ ಬದಲು ಕ್ಲೋರಿನ್ ಇಟ್ಟು, ಪ್ರತ್ಯಾಮ್ಲದೊಡನೆ (ಬೇಸ್) ನಡೆಯುವ ಕ್ರಿಯೆಯಲ್ಲಿ ಅದು ಕಳಚಿಕೊಳ್ಳಲು ಬೇಕಾದಂತೆ ನೆಟ್ಟಗೆ ನಿಲ್ಲಿಸಲು ಉಂಗುರವನ್ನು ಮಗುಚಿದರೆ, ಉಳಿದೆರಡು ಗುಂಪುಗಳೂ ನೆಟ್ಟಗಾಗಿ ಇಕ್ಕಟ್ಟಿಗೆ ಸಿಕ್ಕವು. ಕ್ಲೋರಿನ್‌ನ ದಿಕ್ಕಷ್ಟೇ ಬೇರೆಯಾದ ಇದರ ಜೋಡಿ ನಿಯೋಮೆಂಥೈಲ್ ಕ್ಲೋರೈಡಿನಲ್ಲಿ ಕ್ಲೋರಿನ್ ಮೊದಲೇ ನೆಟ್ಟಗಿರುವುದರಿಂದ ಈ ಕ್ರಿಯೆ ಸುಮಾರು 200 ಪಟ್ಟು ವೇಗವಾಗಿ ನಡೆಯುತ್ತದೆ. ಅದರ ಉಂಡೆಗಳು ಮಹಡಿಯ ಮೇಲೆ ಇನ್ನೂ ಒಣಗುತ್ತಿವೆ.