ಟ್ರಾನ್ಸ್‌ಫರ್ ಅಂತ ಬರೆದರೆ ಸುರಂಗವೇ ಸಿಗುವುದು

ನಾನು ಬೆಂಗಳೂರಿನ ಒಂದು ಸಣ್ಣ ಟೂರ್ ಕಂಪನಿಯಲ್ಲಿದ್ದೇನೆ. ವಿಯೆಟ್ನಾಂ ಪ್ರವಾಸಗಳು ನನ್ನ ಪಾಲಿನವು. ಪ್ಲಾನ್ ಮಾಡುವುದು, ಅಲ್ಲಿನ ಏಜೆಂಟ್ ಜೊತೆ ರೇಟ್ ಮಾತಾಡುವುದು, ವರ್ಷಕ್ಕೆ ಮೂರ್ನಾಲ್ಕು ಸಲ ಗುಂಪಿನ ಜೊತೆ ಹೋಗಿಬರುವುದು. ಹೋದಾಗ ನನಗೆ ಟೂರ್ ಮ್ಯಾನೇಜರ್ ಅನ್ನುವ ಹೆಸರು. ಮಾಡುವ ಕೆಲಸ ಮಾತ್ರ ತಲೆ ಎಣಿಸುವುದು, ಔಷಧಿ ನೆನಪಿಸುವುದು ಮತ್ತು ಎಲ್ಲಿ ಹೋದರೂ ಮೊಸರು ಹುಡುಕುವುದು.

ನಮ್ಮ ಕೆಲಸದಲ್ಲಿ ಎರಡು ಊರುಗಳ ನಡುವಿನ ದಾರಿಗೆ 'ಟ್ರಾನ್ಸ್‌ಫರ್' ಅಂತಾರೆ. ಪ್ರೋಗ್ರಾಂ ಹಾಳೆಯಲ್ಲಿ ಅದಕ್ಕೆ ಒಂದೇ ಸಾಲು. 'ಐದನೇ ದಿನ: ತಿಂಡಿ ಮುಗಿಸಿ ಹುಯೆಯಿಂದ ಹೋಯಿ ಆನ್‌ಗೆ ಟ್ರಾನ್ಸ್‌ಫರ್.' ಆ ಸಾಲು ಬರೆದವನು ನಾನೇ. ಅದೇ ಸಾಲಿನಿಂದ ಹದಿನಾಲ್ಕು ಜನರ ಮುಂದೆ ಮುಖ ಸಣ್ಣದು ಮಾಡಿಕೊಂಡವನೂ ನಾನೇ.

ಹುಯೆ ಹಳೇ ರಾಜಧಾನಿ. 1802ರಿಂದ 1945ರವರೆಗೆ ನ್ಯುಯೆನ್ ಅರಸರು ಅಲ್ಲಿಂದಲೇ ಆಳಿದರು. ಹೋಯಿ ಆನ್ ಹಳೇ ಬಂದರು. ನಡುವೆ ಡನಾಂಗ್ ಅನ್ನುವ ದೊಡ್ಡ ಪಟ್ಟಣ. ಒಟ್ಟು ದಾರಿ ಸುಮಾರು 125 ಕಿಲೋಮೀಟರ್, ಹೆಚ್ಚೇನಲ್ಲ. ಆದರೆ ದಾರಿಯ ನಡುವೆ ಒಂದು ಬೆಟ್ಟದ ಸಾಲು ನೇರ ಕಡಲಿಗೇ ಇಳಿದು ನಿಂತಿದೆ. ಅದನ್ನು ಹತ್ತಿ ಇಳಿಯುವ ಘಾಟಿಯೇ ಹಾಯ್ ವಾನ್. ಹಾಯ್ ಅಂದರೆ ಕಡಲು, ವಾನ್ ಅಂದರೆ ಮೋಡ. 21 ಕಿಲೋಮೀಟರ್ ತಿರುವು ರಸ್ತೆ. ಮೇಲಕ್ಕೆ ಹೋದರೆ ಹತ್ತಿರ ಹತ್ತಿರ 500 ಮೀಟರ್ ಎತ್ತರ, ಕೆಳಗೆ ಕಡಲು.

ಮೊದಲ ಸಲ ಹೋದಾಗ ಏಪ್ರಿಲ್. ಗುಂಪಿನಲ್ಲಿ ಶಿವಮೊಗ್ಗ, ಮೈಸೂರು ಕಡೆಯ ರಿಟೈರ್ ಆದವರೇ ಜಾಸ್ತಿ. ಬೆಂಗಳೂರಿನ ವಿಮಾನ ನಿಲ್ದಾಣದಿಂದಲೇ ನಾನು ಈ ಘಾಟಿಯನ್ನು ಹೊಗಳಿದ್ದೆ. ಆಗುಂಬೆಯ ಕೆಳಗೆ ಕಡಲು ಬಂದು ನಿಂತರೆ ಹೇಗಿರತ್ತೆ ಅಂತ ಊಹಿಸಿ ಅಂದಿದ್ದೆ. ಆವತ್ತು ಬೆಳಿಗ್ಗೆ ಎಲ್ಲರೂ ಫೋನ್ ಚಾರ್ಜ್ ಮಾಡಿಕೊಂಡು, ಟೋಪಿ ಹಾಕಿಕೊಂಡು ಕೂತರು. ವ್ಯಾನ್ ಹೊರಟಿತು. ನಾನು ಹೋಟೆಲಿನ ಬಿಲ್ಲುಗಳನ್ನು ನೋಡುತ್ತಾ ತಲೆ ತಗ್ಗಿಸಿದ್ದೆ. ತಲೆ ಎತ್ತಿದಾಗ ವ್ಯಾನ್ ಒಳಗೆ ಕತ್ತಲು. ಹೊರಗೆ ಹಳದಿ ದೀಪಗಳು ಒಂದರ ಹಿಂದೆ ಒಂದು ಓಡುತ್ತಿದ್ದವು.

ಅದು ಹಾಯ್ ವಾನ್ ಸುರಂಗ. 6.28 ಕಿಲೋಮೀಟರ್ ಉದ್ದ. 2005ರಲ್ಲಿ ತೆರೆದಾಗ ಆಗ್ನೇಯ ಏಷ್ಯಾದಲ್ಲೇ ಉದ್ದನೆಯ ರಸ್ತೆ ಸುರಂಗ ಅದಾಗಿತ್ತು. ಒಳ್ಳೆಯ ಸುರಂಗವೇ, ಅದರ ತಪ್ಪೇನಿಲ್ಲ. ಆದರೆ ಘಾಟಿ ನೋಡಲು ಬಂದವರಿಗೆ ಸುರಂಗ ತೋರಿಸುವುದು ಅಂದರೆ ಮದುವೆಗೆ ಕರೆದು ಅಡುಗೆಮನೆ ತೋರಿಸಿ ಕಳಿಸಿದ ಹಾಗೆ. ಕೆಲವೇ ನಿಮಿಷ. ಆಚೆ ಬಂದರೆ ಬಿಸಿಲು, ದೂರದಲ್ಲಿ ಡನಾಂಗ್‌ನ ಎತ್ತರದ ಕಟ್ಟಡಗಳು. ಹಿಂದಿನ ಸೀಟಿನಿಂದ ಶಿವಮೊಗ್ಗದ ಒಬ್ಬ ಯಜಮಾನರು ಕೇಳಿದರು: "ಘಾಟಿ ಇನ್ನೂ ಎಷ್ಟು ದೂರ?"

ನಾನು ಏನು ಮಾಡಿದೆ ಗೊತ್ತಾ? ಸುಳ್ಳು ಹೇಳಿದೆ. "ಮೇಲೆ ಮಂಜು ಜಾಸ್ತಿ ಇದೆಯಂತೆ ಸಾರ್, ಅದಕ್ಕೇ ಸುರಂಗದಲ್ಲಿ ಬಂದೆವು." ಯಜಮಾನರು ಹಿಂದೆ ತಿರುಗಿ ನೋಡಿದರು. ಬೆಟ್ಟ ತೊಳೆದಿಟ್ಟ ಹಾಗೆ ನಿಚ್ಚಳವಾಗಿತ್ತು. ಒಂದು ತುಂಡು ಮೋಡವಿರಲಿಲ್ಲ. ಅವರು ಏನೂ ಹೇಳಲಿಲ್ಲ, ಟೋಪಿ ತೆಗೆದು ತೊಡೆ ಮೇಲೆ ಇಟ್ಟುಕೊಂಡರು. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಲ್ಲಿನ ಏಜೆಂಟ್‌ಗೆ ಫೋನ್ ಮಾಡಿ ಕೂಗಾಡಿದೆ. ಆ ಹುಡುಗಿ ಸಮಾಧಾನವಾಗಿ ನಾನೇ ಕಳಿಸಿದ್ದ ಬುಕಿಂಗ್ ಓದಿದಳು. "ನೀವು ಟ್ರಾನ್ಸ್‌ಫರ್ ಅಂತ ಬರೆದಿದ್ದೀರಿ. ಟ್ರಾನ್ಸ್‌ಫರ್ ಅಂದರೆ ಸುರಂಗ." ಮಾತು ಸರಿಯಾಗಿತ್ತು. ಸುರಂಗದಲ್ಲಿ ಹೋಗುವ ಕೆಲಸಕ್ಕೆ ಒಂದು ರೇಟು. ಘಾಟಿ ಹತ್ತಿ, ನಾಲ್ಕು ಕಡೆ ನಿಂತು ಹೋಗುವುದಕ್ಕೆ ಬೇರೆ ರೇಟು. ಡೀಸೆಲ್ ಜಾಸ್ತಿ, ಬ್ರೇಕ್ ಸವೆತ ಜಾಸ್ತಿ, ಡ್ರೈವರ್‌ನ ಅರ್ಧ ದಿನ ಪೂರ್ತಿ ದಿನವಾಗುತ್ತದೆ. ಕಡಿಮೆ ರೇಟು ಹಿಡಿದು ಬುಕ್ ಮಾಡಿ ಬಾಸ್ ಹತ್ತಿರ ಶಭಾಷ್ ಅನ್ನಿಸಿಕೊಂಡಿದ್ದು ನಾನು. ಡ್ರೈವರ್ ತನಗೆ ಹೇಳಿದ ಕೆಲಸ ಮಾಡಿದ್ದ, ಅದೂ ಹೇಳಿದ ಹೊತ್ತಿಗೆ ಸರಿಯಾಗಿ.

ತಿರುಗಿಸಿ ಹೋಗೋಣ ಅಂದರೆ ಡನಾಂಗ್‌ನಲ್ಲಿ ಊಟ ಹೇಳಿಯಾಗಿತ್ತು. ಮಧ್ಯಾಹ್ನದ ಊಟ ಹದಿನೈದು ನಿಮಿಷ ತಡವಾದರೂ ನಮ್ಮ ಗುಂಪುಗಳಲ್ಲಿ ಏನಾಗುತ್ತದೆ ಅಂತ ಈ ಕೆಲಸ ಮಾಡಿದವರಿಗೇ ಗೊತ್ತು. ಸಂಜೆ ಹೋಯಿ ಆನ್ ಹೋಟೆಲಿನಲ್ಲಿ ಎಲ್ಲರನ್ನೂ ಕೂರಿಸಿ ನಿಜ ಹೇಳಿದೆ. ತಪ್ಪು ನನ್ನದೇ, ಮಂಜು ಇರಲಿಲ್ಲ ಅಂದೆ. "ಗೊತ್ತಾಯಿತು ಬಿಡಿ," ಅಂದರು ಯಜಮಾನರು.

ಮುಂದಿನ ಬುಕಿಂಗ್‌ನಲ್ಲಿ ಆ ಒಂದು ಸಾಲು ಹೋಗಿ ಅರ್ಧ ಪುಟವಾಯಿತು. 'ಹಾಯ್ ವಾನ್ ಘಾಟಿಯ ಮೇಲಿಂದಲೇ. ಸುರಂಗ ಬೇಡ. 16 ಸೀಟಿನ ವ್ಯಾನ್. ಹುಯೆಯಿಂದಲೇ ಗೈಡ್ ಜೊತೆಗಿರಬೇಕು. ನಿಲ್ಲುವ ಜಾಗ: ಲಾಪ್ ಆನ್ ಹಿನ್ನೀರು, ಘಾಟಿಯ ಬುಡದ ಲಾಂಗ್ ಕೋ, ಘಾಟಿಯ ತುದಿ, ಡನಾಂಗ್ ಮ್ಯೂಸಿಯಂ. ಹವೆ ಕೆಟ್ಟರೆ ತೀರ್ಮಾನ ಡ್ರೈವರ್‌ನದು.' ಕೊನೆಯ ಸಾಲು ಸೇರಿಸಲು ನನಗೆ ಸ್ವಲ್ಪ ಹೊಟ್ಟೆ ಉರಿಯಿತು. ಆದರೂ ಸೇರಿಸಿದೆ.

ಗೈಡ್ ವಿಷಯ ಸ್ವಲ್ಪ ಹೇಳಬೇಕು. ವಿಯೆಟ್ನಾಂನಲ್ಲಿ ಗೈಡ್ ಆಗಲು ಸರ್ಕಾರದ ಕಾರ್ಡ್ ಬೇಕು, ಅದು ಆ ದೇಶದ ಪ್ರಜೆಗಳಿಗೆ ಮಾತ್ರ. ನಾನು ಎಷ್ಟೇ ಓದಿಕೊಂಡಿದ್ದರೂ ಅರಮನೆ ಮುಂದೆ ನಿಂತು ಭಾಷಣ ಮಾಡುವ ಹಾಗಿಲ್ಲ. ಮೊದಲೆಲ್ಲ ನನಗೆ ಇದು ಸೇರುತ್ತಿರಲಿಲ್ಲ. ಗೈಡ್ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದರೆ ನಾನು ಕನ್ನಡದಲ್ಲಿ ಐದು ವಾಕ್ಯ ಹೇಳುತ್ತಿದ್ದೆ. ಪಾಪ, ಅವರು ಮೈಕ್ ಹಿಡಿದು ಕಾಯುತ್ತಾ ನಿಲ್ಲುತ್ತಿದ್ದರು.

ಎರಡನೇ ಸಲ ಹೋದಾಗ ಫೆಬ್ರವರಿ. ಗೈಡ್ ಹುಯೆಯವನೇ, ನಲವತ್ತರ ಆಸುಪಾಸು. ಹೊರಡುವ ಮೊದಲು ಅವನು ಮಾಡಿದ ಮೊದಲ ಕೆಲಸ ಜನರನ್ನು ಎಬ್ಬಿಸಿ ಸೀಟು ಬದಲಿಸಿದ್ದು. ತೆಂಕಣಕ್ಕೆ ಹೋಗುವಾಗ ಕಡಲು ಎಡಗಡೆ. ಆದರೆ ಹಿನ್ನೀರು ಬರುವುದು ಬಲಗಡೆ. ಮೊದಲು ಅರ್ಧ ಜನಕ್ಕೆ ಹಿನ್ನೀರು, ಲಾಂಗ್ ಕೋದಲ್ಲಿ ಅದಲು ಬದಲು, ಆಮೇಲೆ ಉಳಿದವರಿಗೆ ಕಡಲು. ತಿರುವಿನಲ್ಲಿ ಹೊಟ್ಟೆ ತೊಳಸುವವರಿಗೆ ಮುಂದಿನ ಎರಡು ಸಾಲು. ಇಷ್ಟು ಸುಲಭದ ವಿಷಯ ನನ್ನ ತಲೆಗೆ ಯಾವತ್ತೂ ಹೊಳೆದಿರಲಿಲ್ಲ. ನಮ್ಮವರು ಕಿಟಕಿ ಸೀಟಿಗೆ ಜಗಳ ಆಡುವುದನ್ನು ನಾನು ಮನುಷ್ಯ ಸ್ವಭಾವ ಅಂತ ಬಿಟ್ಟಿದ್ದೆ.

ಡ್ರೈವರ್‌ನನ್ನು ಅಲ್ಲಿ 'ಆನ್' ಅಂತ ಕರೆಯುತ್ತಾರೆ. ಅಂದರೆ ಅಣ್ಣ. ಇದು ಗೊತ್ತಾದ ಮೇಲೆ ನಮ್ಮ ಹೆಂಗಸರು ನೇರವಾಗಿ 'ಅಣ್ಣಾ' ಅಂತಲೇ ಶುರುಮಾಡಿದರು. ಅವನೂ ಓಗೊಟ್ಟ.

ಲಾಪ್ ಆನ್ ಹಿನ್ನೀರಿನ ಹತ್ತಿರ ನಿಂತೆವು. ಬೂದು ಬಣ್ಣದ ನೀರು, ಹಿಂದೆ ಬೆಟ್ಟ. ನೀರಿನಲ್ಲಿ ಸಾಲು ಸಾಲಾಗಿ ಕೋಲು ನೆಟ್ಟಿದ್ದರು. ಅವಕ್ಕೆ ಹಳೇ ಬೈಕ್ ಟೈರುಗಳನ್ನು ನೇತುಹಾಕಿ ಸಿಂಪಿ ಬೆಳೆಸುತ್ತಿದ್ದರು. ದಡದಲ್ಲಿ ಒಂದು ಟೈರ್ ಬಿದ್ದಿತ್ತು. ಮೈತುಂಬಾ ಚಿಪ್ಪು ಕಚ್ಚಿಕೊಂಡು, ಟೈರ್ ಅಂತಲೇ ಗೊತ್ತಾಗುತ್ತಿರಲಿಲ್ಲ. ರಸ್ತೆ ಬದಿಯ ಅಂಗಡಿಯಲ್ಲಿ ಸಣ್ಣ ಬಾಟಲಿಗಳಲ್ಲಿ ಹಸಿರು ಛಾಯೆಯ ಎಣ್ಣೆ. ಕಾಜಪುಟಿ ಮರದ ಎಲೆಯಿಂದ ತೆಗೆಯುವ ಎಣ್ಣೆ ಅದು, ಆ ಕಡೆ ಮಕ್ಕಳ ನೆಗಡಿಗೆ ಹಚ್ಚುತ್ತಾರೆ. ಮೈಸೂರಿನ ಒಬ್ಬ ಅಜ್ಜಿ ಮೂಸಿ ನೋಡಿ, "ಇದು ನಮ್ಮ ನೀಲಗಿರಿ ಎಣ್ಣೆಯೇ ಕಣೋ," ಅಂದು ಆರು ಬಾಟಲಿ ತೆಗೆದುಕೊಂಡರು. ನಮ್ಮದೇ ಆದರೆ ಆರು ಯಾಕೆ ಅಂತ ಯಾರೂ ಕೇಳಲಿಲ್ಲ.

ಘಾಟಿ ಹತ್ತುವಾಗ ಗೈಡ್ ಒಂದು ಕಥೆ ತೆಗೆದ. ಈ ಬೆಟ್ಟ ಹಿಂದೆ ಎರಡು ರಾಜ್ಯಗಳ ಗಡಿ. ಬಡಗಲು ದಾಯ್ ವಿಯೆತ್, ತೆಂಕಲು ಚಂಪಾ. 1306ರಲ್ಲಿ ಚಂಪಾದ ದೊರೆ ವಿಯೆತ್ ರಾಜಕುಮಾರಿ ಹುಯೆನ್ ಚಾನ್‌ಳನ್ನು ಮದುವೆಯಾದ. ಕನ್ಯಾಶುಲ್ಕವಾಗಿ ಎರಡು ಸೀಮೆ ಬಿಟ್ಟುಕೊಟ್ಟ. ಹುಯೆ ಇರುವ ನೆಲವೂ ಅದರಲ್ಲಿ ಸೇರಿತ್ತು. ಮರುವರ್ಷವೇ ದೊರೆ ತೀರಿಕೊಂಡ. ನೆಲ ಮಾತ್ರ ಹಿಂದೆ ಬರಲಿಲ್ಲ. ಗೈಡ್ ಆ ದೊರೆಯನ್ನು 'ಚೆ ಮನ್' ಅಂತ ಕರೆದ. ಬಾಯಿ ತಡೆಯಲಾಗದೆ ನಾನು ಒಂದೇ ಮಾತು ಸೇರಿಸಿದೆ: "ಅವನ ಹೆಸರು ಜಯಸಿಂಹವರ್ಮ." ವ್ಯಾನ್ ಒಳಗೆ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂತರು. ಇಲ್ಲೆಲ್ಲಿ ಬಂದ ವರ್ಮ? ಗೈಡ್ ನನ್ನ ಕಡೆ ನೋಡಿ ನಕ್ಕು ಮೈಕ್ ಕೊಡಲು ಬಂದ. ನಾನು ಬೇಡ ಅಂದೆ. ಆವತ್ತು ನಮ್ಮಿಬ್ಬರಿಗೂ ಒಂದು ತಾಳ ಸಿಕ್ಕಿತು. ಅವನು ಕಥೆ ಹೇಳುವುದು, ನಮ್ಮವರಿಗೆ ಕೊಂಡಿ ಬೇಕಾದ ಕಡೆ ನಾನು ಒಂದು ಮಾತು ಹಾಕುವುದು. ಹಾಡಿಗೆ ತಂಬೂರಿ ಹಿಡಿದ ಹಾಗೆ.

ಘಾಟಿಯಲ್ಲಿ ಈಗ ಗಾಡಿಗಳು ಕಡಿಮೆ. ಸುರಂಗದೊಳಗೆ ಬೈಕು ಓಡಿಸುವ ಹಾಗಿಲ್ಲ, ಪೆಟ್ರೋಲ್ ಟ್ಯಾಂಕರ್‌ಗಳಿಗೂ ಬಿಡುವುದಿಲ್ಲ. ಹಾಗಾಗಿ ಮೇಲೆ ಸಿಗುವುದು ಬೈಕಿನವರು, ಟ್ಯಾಂಕರ್‌ಗಳು, ಜೊತೆಗೆ ನಮ್ಮಂಥ ನೋಡುವ ಹುಚ್ಚಿನವರು. ಕೆಳಗೆ ಕಡಲಿನ ಅಂಚಿಗೇ ರೈಲು ಹಳಿ ಹೋಗುತ್ತದೆ. ಒಂದು ತಿರುವಿನಲ್ಲಿ ರೈಲು ಕಾಣಿಸಿತು, ಹಸಿರಿನಲ್ಲಿ ಹುಳ ಹರಿದ ಹಾಗೆ.

ಅಲ್ಲಿಂದ ಎರಡೇ ತಿರುವು. ಆಮೇಲೆ ಏನೂ ಕಾಣಲಿಲ್ಲ.

ಮಂಜು. ಈ ಸಲ ನಿಜವಾದ ಮಂಜು. ತುದಿಯಲ್ಲಿ ವ್ಯಾನ್ ನಿಲ್ಲಿಸಿದಾಗ ಎದುರಿನ ಕಾಫಿ ಅಂಗಡಿಯೂ ಅಳಿಸಿಹೋಗಿತ್ತು. ನನ್ನ ಹೊಟ್ಟೆಯಲ್ಲಿ ಅದೇ ಏಪ್ರಿಲ್‌ನ ಸಂಕಟ. ಊಟದ ಹೊತ್ತಿನ ಲೆಕ್ಕ ಹಾಕಿ, ಹೊರಟುಬಿಡೋಣ ಅಂದೆ. ಗೈಡ್ ಡ್ರೈವರ್ ಕಡೆ ನೋಡಿದ. ಡ್ರೈವರ್ ಬಾಗಿಲು ತೆಗೆದು ಹೊರಗೆ ನಿಂತು, ಗಾಳಿ ಯಾವ ಕಡೆಯಿಂದ ಅಂತ ಕೆನ್ನೆಯಲ್ಲೇ ನೋಡಿದ. ಏನೋ ಹೇಳಿದ. "ಅರ್ಧ ಗಂಟೆ," ಅಂತ ಗೈಡ್ ತಿಳಿಸಿದ. ಬುಕಿಂಗ್‌ನಲ್ಲಿ ನಾನೇ ಬರೆದ ಸಾಲು ನೆನಪಾಯಿತು. ಸುಮ್ನೆ ಆದೆ.

ಕಾಫಿ ಅಂಗಡಿಯಲ್ಲಿ ಕೂತೆವು. ಲೋಟದ ಮೇಲೆ ತಗಡಿನ ಫಿಲ್ಟರ್ ಇಟ್ಟು ಕೊಡುತ್ತಾರೆ, ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಫಿಲ್ಟರ್ ಕಾಫಿಯವರಿಗೆ ಇದರ ಬಗ್ಗೆ ತಕರಾರಿಲ್ಲ, ಅದಕ್ಕೆ ಮಂದ ಹಾಲು ಹಾಕುವುದರ ಬಗ್ಗೆ ಮಾತ್ರ ತಕರಾರು. ಅಷ್ಟರಲ್ಲಿ ಒಬ್ಬರು ಸಸ್ಯಾಹಾರ ಏನಿದೆ ಅಂತ ಕೇಳಲು ನಾನು ಕಲಿಸಿದ 'ಚಾಯ್' ಪದ ಬಳಸಿದರು. ಅಲ್ಲಿ ಚಾಯ್ ಅಂದರೆ ಸಸ್ಯಾಹಾರ. ಪಕ್ಕದವರು, "ನನಗೂ ಒಂದು ಚಾಯ್, ಸಕ್ಕರೆ ಕಡಿಮೆ," ಅಂದರು. ಅಂಗಡಿಯಾಕೆ ಬಹಳ ಹೊತ್ತು ಯೋಚಿಸಿ ಎರಡು ಬಾಳೆಹಣ್ಣು ತಂದಿಟ್ಟಳು.

ಹೊರಗೆ ಯಾರೋ ಕೂಗಿದರು. ಮಂಜು ಒಂದು ಕಡೆಯಿಂದ ಸೀಳಿತ್ತು. ಮೊದಲು ಇಟ್ಟಿಗೆಯ ಹಳೇ ದ್ವಾರ ಕಂಡಿತು. 1826ರಲ್ಲಿ ಮಿನ್ ಮಾಂಗ್ ಅರಸ ಕಟ್ಟಿಸಿದ್ದು. ಹುಯೆ ಕಡೆ ಮುಖಕ್ಕೆ ಘಾಟಿಯ ಹೆಸರು ಕೆತ್ತಿದ್ದಾರೆ, ಡನಾಂಗ್ ಕಡೆ ಮುಖಕ್ಕೆ 'ಲೋಕದಲ್ಲೇ ಮೊದಲನೇ ಭವ್ಯ ದ್ವಾರ' ಅಂತ. ಪಕ್ಕದಲ್ಲೇ ಫ್ರೆಂಚರ ಮತ್ತು ಅಮೆರಿಕನ್ನರ ಕಾಲದ ಬಂಕರುಗಳು. ಆಮೇಲೆ ತೆಂಕಣ ದಿಕ್ಕು ಪೂರ್ತಿ ತೆರೆಯಿತು. ಕೆಳಗೆ ಡನಾಂಗ್ ಕೊಲ್ಲಿ, ಬಿಸಿಲಿನಲ್ಲಿ ಮಿರಮಿರ. ಹಿಂದೆ ಹುಯೆ ಕಡೆ ಇನ್ನೂ ಬೂದು. ಬಡಗಣ ಗಾಳಿಯನ್ನು ಬೆಟ್ಟ ತಡೆದು ನಿಲ್ಲಿಸುತ್ತದೆ, ಅದಕ್ಕೇ ಈ ಕಡೆ ಜಿನುಗು, ಆ ಕಡೆ ಬಿಸಿಲು. ಘಟ್ಟದ ಊರಿನವರಿಗೆ ಇದನ್ನು ವಿವರಿಸುವ ಕೆಲಸವೇ ಬೀಳಲಿಲ್ಲ.

ಊಟ ನಲವತ್ತು ನಿಮಿಷ ತಡವಾಯಿತು. ಯಾರೂ ಬಾಯಿ ಬಿಡಲಿಲ್ಲ. ಊಟವಾದ ಮೇಲೆ ಡನಾಂಗ್‌ನ ಚಾಮ್ ಮ್ಯೂಸಿಯಂ. ಚಾಮ್ ಅಂದರೆ ಅದೇ ಚಂಪಾದ ಜನ. 1919ರಲ್ಲಿ ಫ್ರೆಂಚರು ತೆರೆದದ್ದು. ಒಳಗೆ ಮರಳುಗಲ್ಲಿನ ಲಿಂಗಗಳು, ನಂದಿ, ಗಣೇಶ. ಅಜ್ಜಿ ಗಣೇಶನ ಮುಂದೆ ಚಪ್ಪಲಿ ಬಿಟ್ಟು ನಿಂತರು. ಕಾವಲಿನವನು ಹತ್ತಿರ ಬಂದ. ಗೈಡ್ ಅವನ ಕಿವಿಯಲ್ಲಿ ಏನೋ ಹೇಳಿದ, ಅವನು ಹಿಂದೆ ಸರಿದ. ಏನು ಹೇಳಿದೆ ಅಂತ ಆಮೇಲೆ ಕೇಳಿದೆ. "ಅವರ ಮನೆಯ ದೇವರು ಅಂದೆ," ಅಂದ.

ರಾತ್ರಿ ಹೋಯಿ ಆನ್‌ನಲ್ಲಿ ಫೋಟೋಗಳನ್ನು ಗುಂಪಿಗೆ ಕಳಿಸಿದೆ. ಕಣ್ಣು ಮಂಜಾಗಿತ್ತೋ ಏನೋ, ತಪ್ಪಿ ಹಳೇ ಏಪ್ರಿಲ್ ಗುಂಪಿಗೂ ಹೋಗಿತ್ತು. ಘಾಟಿಯ ತುದಿ, ಕೆಳಗೆ ನೀಲಿ ಕೊಲ್ಲಿ, ನಿಚ್ಚಳ ಆಕಾಶ. ಬೆಳಿಗ್ಗೆ ಎದ್ದು ನೋಡಿದರೆ ಶಿವಮೊಗ್ಗದ ಯಜಮಾನರ ಒಂದೇ ಸಾಲಿನ ಉತ್ತರ ಬಂದಿತ್ತು.

"ಯಾಕೆ, ಈ ಸಲ ಮಂಜು ಇರಲಿಲ್ವಾ?"