ಹುಡುಕೋ ಬಾಕ್ಸ್ ಕಾಣ್ತಿಲ್ಲ ಅಂತ ಬಂದ ಫೋನು

ಶಿವಮೊಗ್ಗದಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಕೆಲಸ. ಅಂಗಡಿಯಲ್ಲಿ ಕೂತಿರೋದಕ್ಕಿಂತ ಬೈಕ್ ಮೇಲೆ ಇರೋದೇ ಜಾಸ್ತಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ಮಂಡಿಗಳು, ಸೊಸೈಟಿಗಳು, ಸಣ್ಣ ಆಫೀಸುಗಳೇ ನನ್ನ ಗಿರಾಕಿಗಳು.

ಮಳೆ ಜೋರಾಗಿದ್ದ ಒಂದು ಬೆಳಿಗ್ಗೆ ತೀರ್ಥಹಳ್ಳಿ ಕಡೆಯ ಒಂದು ಸೊಸೈಟಿಯಿಂದ ಫೋನ್ ಬಂತು. ಲೆಕ್ಕ ಬರೆಯುವ ಅಕ್ಕ ಮಾತಾಡಿದರು. "ತಮ್ಮಾ, ಕೆಳಗೆ ಹುಡುಕೋ ಬಾಕ್ಸ್ ಇತ್ತಲ್ಲ, ಅದೇ ಇಲ್ಲ ಮಾರಾಯ. ಒಬ್ಬರದ್ದು ಹಳೇ ಬೇಬಾಕಿ ಪತ್ರ ಬೇಕು. ಎರಡು ದಿನದಿಂದ ಒಂದೊಂದೇ ಫೋಲ್ಡರ್ ತೆಗೆದು ನೋಡ್ತಾ ಇದ್ದೀನಿ."

ಇಂಥ ಫೋನುಗಳು ತಿಂಗಳಿಗೆ ಒಂದೆರಡಾದರೂ ಬರುತ್ತವೆ. ವಿಂಡೋಸ್ 10 ಆದರೆ ನನ್ನ ಉತ್ತರ ಯಾವಾಗಲೂ ಒಂದೇ. ಟಾಸ್ಕ್‌ಬಾರ್, ಅಂದರೆ ತೆರೆಯ ಕೆಳಗಿನ ಪಟ್ಟಿ, ಅದರ ಮೇಲೆ ಮೌಸ್ ಇಟ್ಟು ಬಲಗಡೆ ಗುಂಡಿ ಒತ್ತಿ, ಸರ್ಚ್‌ಗೆ ಹೋಗಿ, ಶೋ ಸರ್ಚ್ ಬಾಕ್ಸ್ ಆರಿಸಿ. ವಿಂಡೋಸ್ 11 ಆದರೆ ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಶನ್, ಅದರೊಳಗೆ ಟಾಸ್ಕ್‌ಬಾರ್, ಅಲ್ಲಿ ಸರ್ಚ್. ಅಕ್ಕ ನಾನು ಹೇಳಿದ ಹಾಗೇ ಮಾಡಿದರು. "ಟಿಕ್ ಮಾರ್ಕ್ ಮೊದಲೇ ಅಲ್ಲೇ ಇದೆ ತಮ್ಮಾ. ಬಾಕ್ಸ್ ಮಾತ್ರ ಇಲ್ಲ" ಅಂದರು.

ಆಗ ನೆನಪಾಯಿತು. ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ 'ಯೂಸ್ ಸ್ಮಾಲ್ ಟಾಸ್ಕ್‌ಬಾರ್ ಬಟನ್ಸ್' ಅಂತ ಒಂದಿದೆ. ಅದು ಆನ್ ಇದ್ದರೆ ವಿಂಡೋಸ್ 10ರಲ್ಲಿ ಸರ್ಚ್ ಬಾಕ್ಸ್ ಬರೋದಿಲ್ಲ. ಕೇಳಿದರೆ, ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಎಕ್ಸೆಲ್‌ನಲ್ಲಿ ಇನ್ನೊಂದು ಸಾಲು ಕಾಣಲಿ ಅಂತ ಪಟ್ಟಿಯನ್ನು ಚಿಕ್ಕದು ಮಾಡಿದ್ದನಂತೆ. ಅದನ್ನು ಆಫ್ ಮಾಡಿಸಿದೆ. ಬಾಕ್ಸ್ ಬಂತು. ಅಕ್ಕನಿಗೆ ಸಮಾಧಾನ, ನನಗೂ ಸಮಾಧಾನ. ಫೋನ್ ಇಟ್ಟೆ.

ಹತ್ತು ನಿಮಿಷಕ್ಕೆ ಮತ್ತೆ ಫೋನ್. "ಬಾಕ್ಸ್ ಬಂತು, ಪತ್ರ ಸಿಗಲಿಲ್ಲ."

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವರಿಗೆ ಬೇಕಾಗಿದ್ದದ್ದು ಬಾಕ್ಸ್ ಅಲ್ಲ, ಪತ್ರ. ಮೊದಲ ಫೋನಿನಲ್ಲೇ ಅದನ್ನು ಹೇಳಿದ್ದರು. ನಾನು ಮೊದಲ ವಾಕ್ಯ ಕೇಳಿಸಿಕೊಂಡು ಉಳಿದದ್ದನ್ನು ಬಿಟ್ಟಿದ್ದೆ. ಬಾಕ್ಸ್ ಇಲ್ಲದಿದ್ದರೂ ವಿಂಡೋಸ್ ಕೀ ಒತ್ತಿ ಸುಮ್ನೆ ಟೈಪ್ ಮಾಡಿದರೆ ಹುಡುಕಾಟ ಶುರುವಾಗುತ್ತದೆ. ಮೊದಲೇ ಅದನ್ನು ಮಾಡಿಸಿದ್ದರೆ ತೊಂದರೆ ಬೇರೆ ಕಡೆ ಇದೆ ಅಂತ ಎರಡೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಮಧ್ಯಾಹ್ನ ಹೊರಟೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟುವಷ್ಟರಲ್ಲಿ ರೈನ್‌ಕೋಟ್ ಒಳಗೂ ನೀರು. ಹೋದ ಕೂಡಲೇ ಅಕ್ಕ ಬಿಸಿ ಕಾಫಿ ಕೊಟ್ಟರು. ಕುಡಿಯುತ್ತಲೇ ಸರ್ವಿಸಸ್, ಅಂದರೆ ವಿಂಡೋಸ್ ಹಿನ್ನೆಲೆಯಲ್ಲಿ ನಡೆಸುವ ಕೆಲಸಗಳ ಪಟ್ಟಿ, ತೆರೆದು ನೋಡಿದೆ. 'ವಿಂಡೋಸ್ ಸರ್ಚ್' ಅನ್ನೋ ಸರ್ವಿಸ್ ಡಿಸೇಬಲ್ಡ್ ಆಗಿತ್ತು, ಅಂದರೆ ಪೂರ್ತಿ ನಿಲ್ಲಿಸಿಟ್ಟಿತ್ತು.

ಅದನ್ನು ಡಿಸೇಬಲ್ ಮಾಡಿದ್ದವನು ನಾನೇ. ಎರಡು ವರ್ಷದ ಹಿಂದೆ ಈ ಮಿಷನ್ ತುಂಬಾ ನಿಧಾನ ಅಂತ ಕರೆಸಿದ್ದರು. 4 ಜಿಬಿ ರ‍್ಯಾಮ್, ತಿರುಗುವ ಹಳೇ ಹಾರ್ಡ್ ಡಿಸ್ಕ್. ಈ ಸರ್ವಿಸ್ ಹಿನ್ನೆಲೆಯಲ್ಲಿ ಫೈಲುಗಳನ್ನು ಓದುತ್ತಲೇ ಇರುತ್ತದೆ, ಹಳೇ ಡಿಸ್ಕಿಗೆ ಅದು ಭಾರ. ನಿಲ್ಲಿಸಿದರೆ ಮಿಷನ್ ಹಗುರ ಆಗುತ್ತದೆ. ನಮ್ಮ ಕೆಲಸದಲ್ಲಿ ಎಷ್ಟೋ ಜನ ಹೀಗೆ ಮಾಡುತ್ತಾರೆ, ನಾನೂ ಮಾಡಿದ್ದೆ. ಆದರೆ ಅಕ್ಕನಿಗೆ ಒಂದು ಮಾತು ಹೇಳಿರಲಿಲ್ಲ. ಎಲ್ಲೂ ಬರೆದಿಟ್ಟಿರಲಿಲ್ಲ. ಎರಡು ದಿನ ಅವರು ಫೋಲ್ಡರ್ ತಡಕಿದ್ದಕ್ಕೆ ಅರ್ಧ ಕಾರಣ ನಾನು. ಅಲ್ಲೇ ಅವರ ಮುಂದೆ ಹೇಳಿದೆ. "ಆಯ್ತು ಬಿಡು, ಈಗ ಸರಿ ಮಾಡು" ಅಂದರು.

ಆ ಸರ್ವಿಸ್ ಮಾಡುವ ಕೆಲಸ ದೊಡ್ಡ ಪುಸ್ತಕದ ಕೊನೆಯ ಪದಸೂಚಿ ಇದ್ದ ಹಾಗೆ. ಯಾವ ಪದ ಯಾವ ಫೈಲಿನಲ್ಲಿದೆ ಅಂತ ಮೊದಲೇ ಬರೆದಿಟ್ಟುಕೊಂಡಿರುತ್ತದೆ. ಅದಿಲ್ಲದೆ ಹುಡುಕಿದರೆ ಕಂಪ್ಯೂಟರ್ ಪ್ರತಿ ಸಲ ಮೊದಲ ಪುಟದಿಂದ ಶುರು ಮಾಡಬೇಕು. ಸ್ಟಾರ್ಟಪ್ ಟೈಪನ್ನು 'ಆಟೋಮ್ಯಾಟಿಕ್, ಡಿಲೇಯ್ಡ್ ಸ್ಟಾರ್ಟ್' ಮಾಡಿ ಸರ್ವಿಸ್ ಶುರು ಮಾಡಿದೆ. ಇನ್ನೂ ಒಂದು ಕೊರತೆ ಇತ್ತು. ಮಾಮೂಲಾಗಿ ಪದಸೂಚಿಗೆ ಸೇರೋದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಇಂಥವು ಮಾತ್ರ. ಸೊಸೈಟಿಯ ಕಾಗದವೆಲ್ಲ ಡಿ ಡ್ರೈವ್‌ನಲ್ಲಿ. ಕಂಟ್ರೋಲ್ ಪ್ಯಾನೆಲ್‌ನ ಇಂಡೆಕ್ಸಿಂಗ್ ಆಪ್ಷನ್ಸ್‌ನಲ್ಲಿ ಮಾಡಿಫೈ ಒತ್ತಿ ಡಿ ಸೇರಿಸಿದೆ. ಆಮೇಲೆ ಅಡ್ವಾನ್ಸ್ಡ್‌ಗೆ ಹೋಗಿ ರೀಬಿಲ್ಡ್. ಹಳೇ ಡಿಸ್ಕಿನಲ್ಲಿ ಇದು ಗಂಟೆಗಟ್ಟಲೆ ಹಿಡಿಯುತ್ತದೆ. ನಾವು ಮಿಷನ್ ಬಳಸುತ್ತಾ ಇದ್ದರೆ ಇನ್ನೂ ನಿಧಾನ. ನಡುವೆ ಎರಡು ಸಲ ಕರೆಂಟ್ ಹೋಯಿತು, ಯುಪಿಎಸ್ ಹೇಗೋ ಕಾಪಾಡಿತು.

ಸಂಜೆಗೆ ಮುಗಿಯಿತು. ಅಕ್ಕ ಆ ಸದಸ್ಯರ ಹೆಸರನ್ನು ಕನ್ನಡದಲ್ಲಿ ಹೊಡೆದರು. ಏನೂ ಬರಲಿಲ್ಲ.

ನನಗೆ ಒಂದು ಕ್ಷಣ ಕೈಕಾಲು ಆಡಲಿಲ್ಲ. ಸುಮ್ಮನೆ ಒಂದು ಹಳೇ ಪತ್ರ ತೆಗೆದು ನೋಡಿದೆ. ಫಾಂಟ್ ಹೆಸರು ನುಡಿ ಅಂತಿತ್ತು. ನುಡಿ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ. ವಿಷಯ ಅಲ್ಲಿತ್ತು. ಹಳೇ ಪತ್ರಗಳೆಲ್ಲ ನುಡಿಯ ಹಳೇ ಪದ್ಧತಿಯಲ್ಲಿ, ಅಂದರೆ ಆಸ್ಕಿ ಫಾಂಟಿನಲ್ಲಿ ಟೈಪ್ ಆದವು. ತೆರೆಯ ಮೇಲೆ 'ಕನ್ನಡ' ಅಂತ ಕಾಣುತ್ತದೆ. ಫೈಲಿನ ಒಳಗೆ ಕೂತಿರೋದು ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ, ಮೇಲೆ ಗೆರೆ ಇರುವ ಎ. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ, ಅಷ್ಟೇ. ಈಗ ಸರ್ಚ್ ಬಾಕ್ಸಿನಲ್ಲಿ ನಾವು ಹೊಡೆಯೋದು ಯೂನಿಕೋಡ್ ಕನ್ನಡ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ತನ್ನದೇ ಜಾಗ ಇದೆ. ಆದರೆ ನಮ್ಮ ಆಫೀಸುಗಳಿಗೆ ಅದು ಬಂದದ್ದು ಬಹಳ ತಡವಾಗಿ. ಆ ಹೆಸರೂ ಈ ಹೆಸರೂ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ.

ನಮ್ಮ ಕಡೆ ಇದನ್ನು ಯಾರೂ ಗಿರಾಕಿಗೆ ಬಿಡಿಸಿ ಹೇಳೋದಿಲ್ಲ. ಸರ್ಚ್ ಕೆಟ್ಟಿದೆ ಅಂತ ವಿಂಡೋಸನ್ನೇ ಹೊಸದಾಗಿ ಹಾಕಿ ದುಡ್ಡು ತಗೊಂಡು ಹೋಗುತ್ತಾರೆ. ಹೊಸ ವಿಂಡೋಸ್ ಹಾಕಿದರೂ ಆ ಪತ್ರ ಸಿಗೋದಿಲ್ಲ, ಅಲ್ವಾ? ನನಗೆ ಇದು ನಿಜವಾಗಿ ನೋವು ಕೊಡುವ ವಿಷಯ.

ಆ ಪತ್ರ ಸಿಕ್ಕಿದ್ದು ಹೀಗೆ. ನುಡಿಯಲ್ಲೇ ಆ ಹೆಸರನ್ನು ಟೈಪ್ ಮಾಡಿ, ಕಾಪಿ ಮಾಡಿ, ಸರ್ಚ್ ಬಾಕ್ಸಿಗೆ ಅಂಟಿಸಿದೆ. ಬಾಕ್ಸಿನಲ್ಲಿ ಅರ್ಥವಿಲ್ಲದ ಗುರುತುಗಳು ಕಂಡವು. ಕೆಳಗೆ ಮೂರು ಫೈಲು ಬಂದವು. ಎರಡನೆಯದೇ 2019ರ ಬೇಬಾಕಿ ಪತ್ರ. ಅಕ್ಕ ಕುರ್ಚಿಯಿಂದ ಎದ್ದು ಬಂದು ತೆರೆಯ ಹತ್ತಿರ ಮುಖ ಇಟ್ಟು ಓದಿದರು. ಪ್ರಿಂಟ್ ತೆಗೆದು ಮೊದಲು ಆ ಸದಸ್ಯರಿಗೆ ಫೋನ್ ಮಾಡಿದರು, ಆಮೇಲೆ ನನ್ನ ಬಿಲ್ ಕೇಳಿದರು. ನಾನು ತಗೊಳ್ಳಲಿಲ್ಲ.

ಆವತ್ತಿನಿಂದ ನನ್ನ ಕೆಲಸದಲ್ಲಿ ಮೂರ್ನಾಲ್ಕು ವಿಷಯ ಬದಲಾಗಿವೆ. ನಿಧಾನ ಅಂತ ಕರೆದರೆ ಸರ್ಚ್ ನಿಲ್ಲಿಸೋದಿಲ್ಲ, ಹಳೇ ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ ಅಂತೀನಿ. ಏನು ಬದಲಾಯಿಸಿದರೂ ತಾರೀಖು ಹಾಕಿ ಒಂದು ಚೀಟಿ ಬರೆದು ಸಿಪಿಯು ಪಕ್ಕಕ್ಕೆ ಅಂಟಿಸುತ್ತೇನೆ. ಹುಡುಕೋದು ಹೋಗಿದೆ ಅಂತ ಯಾರು ಫೋನ್ ಮಾಡಿದರೂ "ಏನು ಹುಡುಕ್ತಾ ಇದ್ದೀರಿ?" ಅಂತ ಮೊದಲು ಕೇಳುತ್ತೇನೆ. ಹೊಸ ಪತ್ರಗಳನ್ನು ನುಡಿಯಲ್ಲೇ ಯೂನಿಕೋಡ್ ಆರಿಸಿಕೊಂಡು ಟೈಪ್ ಮಾಡಲು ಅಕ್ಕನಿಗೆ ತೋರಿಸಿಕೊಟ್ಟೆ. ಫೈಲಿನ ಹೆಸರಲ್ಲಿ ಊರು, ಸದಸ್ಯರ ನಂಬರು, ಇಸವಿ ಇರಲಿ ಅಂದೆ. ಹಳೇ ಪತ್ರಗಳನ್ನು ಬಿಡುವಿದ್ದಾಗ ದಿನಕ್ಕೆ ಹತ್ತರಂತೆ ಯೂನಿಕೋಡ್‌ಗೆ ಬದಲಾಯಿಸುತ್ತಾ ಇದ್ದಾರೆ. ಹೋದ ವಾರ ಮಾತಾಡಿದಾಗ 2016ನೇ ಇಸವಿ ಮುಗಿದಿದೆ ಅಂದರು.